ಬಯಲು ಯಾರ ಸ್ವತ್ತು?

ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು ಅದತ್ತಾದಾನ. ಒಡೆಯನೇ ಇಲ್ಲವೆಂಬಂತೆ ಕಾಣುವ ವಸ್ತುವಿನ ವಿಷಯದಲ್ಲಿ ಅಚೌರ್ಯಾಣುವ್ರತಿಯಾದ ಶ್ರಾವಕನು ಹೇಗೆ ನಡೆಯಬೇಕು? ನಗರದ ಬಯಲು ಈ ಪ್ರಶ್ನೆಯನ್ನು ಮನೆಬಾಗಿಲಿಗೇ ತಂದಿದೆ.

ರವೀಂದ್ರನಾಥ ಠಾಕೂರರ ಹೆಸರನ್ನು ಹೊತ್ತ ಆರ್.ಟಿ. ನಗರದಂತಹ ಬಡಾವಣೆಯಲ್ಲಿ ಇಂದು ಅಡಿ ನೆಲಕ್ಕೂ ಬೆಲೆಯಿದೆ. ಅಲ್ಲಿ ಸುಮ್ಮನೆ ಉಳಿದ ಜಾಗವನ್ನು ಕಂಡರೆ, ‘ವ್ಯರ್ಥವಾಗುತ್ತಿದೆ, ಏನಾದರೂ ಒಳ್ಳೆಯದನ್ನು ಕಟ್ಟಬಾರದೇ?’ ಎಂಬ ಮಾತು ಸಜ್ಜನರ ಬಾಯಿಂದಲೇ ಬರುತ್ತದೆ. ದುರ್ಜನರ ಒತ್ತುವರಿಯನ್ನು ಗುರುತಿಸುವುದು ಸುಲಭ. ಧರ್ಮಕಾರ್ಯದ ಹೆಸರಿನದನ್ನು ಗುರುತಿಸುವುದು ಕಷ್ಟ.

ಆರ್.ಟಿ. ನಗರಕ್ಕೆ ಸಮೀಪದ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೇರಿತು. ಉದ್ಯಾನಕ್ಕೆಂದು ಮೀಸಲಾಗಿದ್ದ ಜಾಗವನ್ನು ಆಸ್ಪತ್ರೆ ಕಟ್ಟಲು ಖಾಸಗಿ ಟ್ರಸ್ಟೊಂದಕ್ಕೆ ಹಂಚಲಾಗಿತ್ತು, ನಿವಾಸಿಗಳು ವಿರೋಧಿಸಿದರು. ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠ ಅವರ ವಾದವನ್ನು ಒಪ್ಪಿತು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು.

ಆಸ್ಪತ್ರೆಯೇನು ಕೆಟ್ಟದ್ದೇ? ಔಷಧದಾನವು ಚತುರ್ವಿಧ ದಾನಗಳಲ್ಲಿ ಒಂದಲ್ಲವೇ? ಹೌದು. ಆದರೆ ದಾನಿಯು ಕೊಡಬೇಕಾದುದು ತನ್ನದನ್ನು. ಮಕ್ಕಳ ಪಾಲಿನ ನೆಲದ ಮೇಲೆ ಎದ್ದ ಆಸ್ಪತ್ರೆಗೆ ನಿಜವಾದ ದಾನಿಗಳು ಆ ಮಕ್ಕಳೇ. ಅವರ ಒಪ್ಪಿಗೆಯನ್ನು ಯಾರೂ ಕೇಳಿರುವುದಿಲ್ಲ, ಶಿಲಾಫಲಕದಲ್ಲಿ ಅವರ ಹೆಸರೂ ಇರುವುದಿಲ್ಲ.

ಈ ನೆಲಕ್ಕೆ ಒಡೆಯರಿಲ್ಲವೆಂಬುದೂ ಸರಿಯಲ್ಲ. ಬಡಾವಣೆ ರಚಿಸುವಾಗ ಒಟ್ಟು ವಿಸ್ತೀರ್ಣದ ಶೇ. 15ಕ್ಕೆ ಕಡಿಮೆಯಿಲ್ಲದಷ್ಟನ್ನು ಉದ್ಯಾನ ಮತ್ತು ಆಟದ ಮೈದಾನಕ್ಕೂ, ಶೇ. 10ರಷ್ಟನ್ನು ಬೇರೆಯಾಗಿ ನಾಗರಿಕ ಸೌಲಭ್ಯಗಳಿಗೂ ಬಿಡಬೇಕೆಂದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆ ವಿಧಿಸುತ್ತದೆ. ಸಭಾಭವನವೋ ಚಿಕಿತ್ಸಾಲಯವೋ ಬೇಕಾದ ಟ್ರಸ್ಟು ಎರಡನೆಯ ಬಗೆಯ ನಿವೇಶನಕ್ಕೆ ಗುತ್ತಿಗೆಯ ಅರ್ಜಿ ಸಲ್ಲಿಸಬಹುದು. ಮೊದಲನೆಯದು ಈಗಾಗಲೇ ಕೊಟ್ಟಾಗಿರುವ ನೆಲ. ಅದನ್ನು ಹಿಂದಕ್ಕೆ ಕೇಳುವುದು ಅಚೌರ್ಯವ್ರತದ ಅತಿಚಾರಗಳಲ್ಲಿ ಹೇಳಿರುವ ವಿರುದ್ಧರಾಜ್ಯಾತಿಕ್ರಮಕ್ಕೆ ಬಹು ದೂರವಿಲ್ಲ.

ಇಷ್ಟಾದರೂ ಬೇಲಿ ಹಾಕಿ ಬೀಗ ಜಡಿದ ಬಯಲು ಉಳಿದಂತಲ್ಲ. ವೃದ್ಧರಿಗೆ ನೆರಳೂ ಕಲ್ಲುಬೆಂಚೂ ಬೇಕು, ಹುಡುಗರಿಗೆ ಚೆಂಡು ಹೊಡೆಯಲು ಜಾಗ ಬೇಕು, ಹೆಂಗಸರಿಗೆ ಅಳುಕಿಲ್ಲದೆ ನಡೆಯಲು ದೀಪದ ಬೆಳಕಿನ ಹಾದಿ ಬೇಕು. ಇವರೆಲ್ಲರ ಮಾತಿನಲ್ಲೂ ಸತ್ಯಾಂಶವಿದೆ. ಆದರೆ ಅನೇಕಾಂತವೆಂದರೆ ನೆಲವನ್ನು ತುಂಡುತುಂಡಾಗಿ ಹಂಚುವ ಸೂತ್ರವೆಂದು ತಿಳಿಯಬಾರದು! ನೆಲವನ್ನು ಹಂಚುವ ಬದಲು ಹೊತ್ತನ್ನು ಹಂಚಿಕೊಳ್ಳಬಹುದು: ಬೆಳಗಿನ ಜಾವ ಹಿರಿಯರದು, ಸಂಜೆ ಮಕ್ಕಳದು. ಹಬ್ಬದ ಚಪ್ಪರಕ್ಕೆ ಕೆಲವು ದಿನ ಅನುಮತಿ ದೊರೆತರೂ, ಕಂಬಕ್ಕಾಗಿ ಮನಬಂದಂತೆ ಗುಂಡಿ ತೋಡುವುದು, ಕೊಂಬೆ ಕಡಿಯುವುದು ಪ್ರಮಾದಚರ್ಯೆಯೇ. ಅನರ್ಥದಂಡವ್ರತದಲ್ಲಿ ಅದನ್ನು ಬಿಡಬೇಕೆಂದು ಹೇಳಿದೆ. ಬಯಲಿನ ಒಂದು ಮೂಲೆಯನ್ನು ಯಾರೂ ತುಳಿಯದಂತೆ, ಹುಲ್ಲಿಗೂ ಇರುವೆಗಳಿಗೂ ಹಕ್ಕಿಗಳಿಗೂ ಬಿಟ್ಟರೆ ಖರ್ಚೇನೂ ಇಲ್ಲ. ಅದನ್ನು ನಕ್ಷೆಯಲ್ಲಿ ಗುರುತಿಸುವಾಗ ಮಾತ್ರ ಸಭೆಯಲ್ಲಿ ಯಾರಾದರೊಬ್ಬರು ಅವುಗಳ ಪರವಾಗಿ ಬಾಯಿ ತೆರೆಯಬೇಕಾಗುತ್ತದೆ.