ಇಂದಿನ ಧಮ್ಮ ಚಿಂತನ: ಅರಿತು ಇಟ್ಟ ಹೆಜ್ಜೆ



ಧ್ಯಾನ ಎಂದರೆ ಕಣ್ಣು ಮುಚ್ಚಿ ಕೂರುವುದು ಎಂದೇ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಆದರೆ ಸತಿಪಟ್ಠಾನ ಸುತ್ತ ನೋಡಿ. ನಡೆಯುವಾಗ ನಡೆಯುತ್ತಿದ್ದೇನೆ ಎಂಬ ಅರಿವು ಇರಬೇಕು. ನಿಂತಾಗ, ಕೂತಾಗ, ಮಲಗಿದಾಗಲೂ ಹಾಗೆಯೇ. ಕೈಕಾಲು ಮಡಚುವಾಗ, ಚಾಚುವಾಗ, ಉಣ್ಣುವಾಗ, ಕೊನೆಗೆ ಶೌಚಕ್ಕೆ ಹೋದಾಗಲೂ ಎಚ್ಚರವಿರಲಿ ಎನ್ನುತ್ತಾರೆ ಭಗವಾನ್ ಬುದ್ಧರು. ಇದೇ ಸತಿ, ಇದೇ ಸಂಪಜಞ್ಞ.

ಅಂಗುತ್ತರ ನಿಕಾಯದಲ್ಲಿ ಚಂಕಮದ, ಅಂದರೆ ಅತ್ತಿಂದಿತ್ತ ನಡೆಯುವ ಅಭ್ಯಾಸದ 5 ಲಾಭಗಳು ಬರುತ್ತವೆ. ದೂರದ ದಾರಿ ನಡೆಯುವ ಶಕ್ತಿ ಬರುತ್ತದೆ. ಸಾಧನೆಗೆ ಬಲ ಬರುತ್ತದೆ. ಕಾಯಿಲೆ ಕಡಿಮೆ. ಉಂಡದ್ದು ಅರಗುತ್ತದೆ. ನಡೆಯುವಾಗ ಸಿಕ್ಕ ಏಕಾಗ್ರತೆ ಬಹುಕಾಲ ಉಳಿಯುತ್ತದೆ. ಇದರಲ್ಲಿ ಮುಂದಿನ ಜನ್ಮದ ಮಾತೇ ಇಲ್ಲ. ಎಲ್ಲವೂ ಈ ಮೈ, ಈ ಮನಸ್ಸಿಗೆ ಸೇರಿದ್ದು.

ಇದನ್ನು ಓದಿದಾಗ ನಮ್ಮ ಬಳಗದ ಅಕ್ಕ ಒಬ್ಬರು ಕೇಳಿದರು: "ಬೆಳಗಿನ ಜಾವದಿಂದ ಬೀದಿ ಗುಡಿಸಿ ಸೊಂಟ ಬಿದ್ದುಹೋಗಿರುತ್ತೆ. ನಮಗೆ ಇನ್ಯಾವ ವಾಕಿಂಗು, ಇನ್ಯಾವ ವ್ಯಾಯಾಮ ಸರ್?"

ನ್ಯಾಯವಾದ ಪ್ರಶ್ನೆ. ಕೂಲಿ ಕೆಲಸದಲ್ಲಿ ನಮ್ಮ ಕೈಕಾಲು ಇನ್ನೊಬ್ಬರು ಹೇಳಿದ ವೇಗಕ್ಕೆ ಓಡುತ್ತವೆ. ದಿನದಲ್ಲಿ 10 ನಿಮಿಷವಾದರೂ ಅವು ನಮ್ಮ ಮಾತಿನಂತೆ, ನಮ್ಮ ಉಸಿರಿನ ಜೊತೆ ಚಲಿಸಬೇಕು. ಇನ್ನೊಂದು ಮಾತು. ಅರಿವು ಎಂದರೆ ನೋವು ನುಂಗಿಕೊಳ್ಳುವ ಉಪಾಯ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ದುಃಖ ಇದೆ ಎಂದು ಗುರುತಿಸುವುದು, ಅದನ್ನು ತೊಲಗಿಸುವ ದಾರಿ ತೋರುವುದು, ಇವೇ ಧಮ್ಮದ ಬುನಾದಿ ಎಂದು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ತಿಳಿಸಿದ್ದಾರೆ. ಗುಡಿಸುವಾಗ ಸೊಂಟ ಎಲ್ಲಿ ಹಿಡಿಯುತ್ತದೆ, ಯಾಕೆ ಹಿಡಿಯುತ್ತದೆ ಎಂದು ಗಮನಿಸಿ. ಪೊರಕೆಯ ಹಿಡಿ ಗಿಡ್ಡವಾಗಿದ್ದರೆ ಉದ್ದನೆಯದು ಬೇಕು ಎಂದು ನಾಲ್ಕು ಜನ ಸೇರಿ ಕೇಳಿ. ಹಾಗೆ ಕೇಳುವುದೂ ಧಮ್ಮವೇ.

ನನ್ನದೇ ಒಂದು ವಿಷಯ ಹೇಳುತ್ತೇನೆ. ನಮ್ಮ ತಂದೆಯವರು ಚಪ್ಪಲಿ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ಊರಿನ ಮೇಲಿನ ಕೇರಿ ದಾಟುತ್ತಿದ್ದರು. ನಾನು ಓದಿ ನೌಕರಿಗೆ ಸೇರಿದೆ. ಆದರೂ ಮೇಲಧಿಕಾರಿಯ ಕೋಣೆಗೆ ಹೋಗುವಾಗ ನನ್ನ ಭುಜ ಕುಗ್ಗುತ್ತಿತ್ತು. ಯಾರೂ ಬಾಗು ಎಂದಿರಲಿಲ್ಲ, ಮೈ ತಾನಾಗಿ ಬಾಗುತ್ತಿತ್ತು. ಚಂಕಮ ಶುರು ಮಾಡಿದ ಮೇಲೆಯೇ ಅದು ನನ್ನ ಕಣ್ಣಿಗೆ ಬಿದ್ದದ್ದು. ಈಗ ಬಾಗಿಲ ಬಳಿ ಒಂದು ಉಸಿರು ಗಮನಿಸುತ್ತೇನೆ, ಭುಜ ಸಡಿಲ ಬಿಡುತ್ತೇನೆ, ನೆಟ್ಟಗೆ ಒಳಗೆ ಹೋಗುತ್ತೇನೆ. ತಲೆಮಾರುಗಳ ಭಯ ಮನಸ್ಸಿನಲ್ಲಷ್ಟೇ ಕೂತಿಲ್ಲ, ಬೆನ್ನುಮೂಳೆಯಲ್ಲೂ ಕೂತಿದೆ. ಕಂಡರೆ ತಾನೇ ಅದನ್ನು ಬಿಡಿಸಲು ಆಗುವುದು?

1927ರ ಮಾರ್ಚ್ 20ರಂದು ಮಹಾಡ್‌ನಲ್ಲಿ ನಮ್ಮ ಜನ ಬಾಬಾಸಾಹೇಬರ ಜೊತೆ ಸಾಲಾಗಿ ಚವದಾರ್ ಕೆರೆಗೆ ನಡೆದು ಹೋಗಿ ನೀರು ಕುಡಿದರು. ನಾಗಪುರದ ಧಮ್ಮದೀಕ್ಷೆಗೆ ಇನ್ನೂ 29 ವರ್ಷ ಇತ್ತು. ಎಲ್ಲಿಗೆ ಹೋಗುತ್ತಿದ್ದೇವೆ, ಯಾಕೆ ಹೋಗುತ್ತಿದ್ದೇವೆ ಎಂದು ತಿಳಿದೇ ಅವರು ಹೆಜ್ಜೆ ಇಟ್ಟರು. ನನಗೆ ಅದಕ್ಕಿಂತ ದೊಡ್ಡ ಚಂಕಮ ಕಾಣುವುದಿಲ್ಲ.

ಇಂದಿನ ಅಭ್ಯಾಸ: ಮಾಳಿಗೆಯೋ, ಅಂಗಳವೋ, ವಿಹಾರದ ಮುಂದೆಯೋ, 20 ಹೆಜ್ಜೆ ಜಾಗ ಸಾಕು. ಮೊಬೈಲ್ ಒಳಗಿಡಿ. ಹಿಮ್ಮಡಿ ಏಳುವುದು, ಪಾದ ಮುಂದೆ ಹೋಗುವುದು, ಭಾರ ನೆಲಕ್ಕೆ ಇಳಿಯುವುದು, ಇವನ್ನು ಗಮನಿಸುತ್ತಾ ನಡೆಯಿರಿ. ಕೊನೆಯಲ್ಲಿ ನಿಂತು, ಉಸಿರು ನೋಡಿ, ತಿರುಗಿ. ಮನಸ್ಸು ಓಡಿದರೆ ಬೈಯಬೇಡಿ, ಮೆಲ್ಲಗೆ ಪಾದಕ್ಕೆ ಕರೆತನ್ನಿ. ಮಂಡಿ ನೋವಿರುವ ಹಿರಿಯರು ಗೋಡೆ ಹಿಡಿದು ನಿಂತು, ಕೈ ಎತ್ತಿ ಇಳಿಸುವುದನ್ನೇ ಗಮನಿಸಿದರೂ ಆಯಿತು.

ಇಂದು ಯಾರ ಮುಂದೆ ನಿಮ್ಮ ಭುಜ ಕುಗ್ಗಿತು? ಸಂಜೆ ಮನೆಯವರ ಜೊತೆ ಕೂತು ಮಾತಾಡಿ, ಮಕ್ಕಳೂ ಕೇಳಲಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.