ಈ ಮರಿಯ ತಾಯಿ ಎಲ್ಲಿದೆ?

ಚಿಂತಾಕಿಯ ನಮ್ಮ ಹೊಲದ ಕೊಟ್ಟಿಗೆಯಲ್ಲಿ ಬೇವಿನ ಗೂಟವೊಂದಿದೆ. ಅವತ್ತು ಬೆಳಿಗ್ಗೆ ಆ ಗೂಟದಲ್ಲಿ ಮೊಳದುದ್ದ ಹಗ್ಗ ಮಾತ್ರ ಉಳಿದಿತ್ತು. ನಾಯಿ ಹಲ್ಲಿನಿಂದ ಕಡಿದಿದ್ದರೆ ತುದಿ ನಾರು ನಾರಾಗಿ ಬಿಚ್ಚಿಕೊಂಡಿರುತ್ತಿತ್ತು. ಇದನ್ನು ಚೂರಿಯಿಂದ ಒಂದೇ ಏಟಿಗೆ ಕೊಯ್ದಂತಿತ್ತು. ಪಕ್ಕದ ಜರ್ಮನ್ ತಾಟಿನಲ್ಲಿ ರಾತ್ರಿ ಹಾಕಿದ್ದ ಜೋಳದ ರೊಟ್ಟಿ ಅರ್ಧ ಉಳಿದು ಇರುವೆ ಮುತ್ತಿದ್ದವು. ನಮ್ಮ ಮೋತ್ಯಾ ರೊಟ್ಟಿ ಬಿಡುವ ನಾಯಿ ಅಲ್ಲ. ಅಷ್ಟು ಕಂಡ ಮೇಲೆ ನಮಗೆ ತಿಳಿಯಬೇಕಿತ್ತು. ಆದರೂ ಕಾಕಾ, "ಎಲ್ಲ್ಯಾರ ಹೋಗಿದ್ದೀತು, ಬರ್ತದ ಬಿಡು" ಅಂದರು. ನಾವೂ ಬಿಟ್ಟೆವು. ಎರಡು ದಿನ ಹಾಗೇ ಬಿಟ್ಟೆವು.

ಮೂರನೆಯ ದಿನ ಬೈಕ್ ಹತ್ತಿ ಸುತ್ತಲಿನ ಊರುಗಳಲ್ಲಿ ಕೇಳುತ್ತ ಹೋದೆ. "ಹೆಂಗಿತ್ರಿ ನಿಮ್ಮ ನಾಯಿ?" ಅಂದರು. "ಕೆಂಪಗದ, ಎದಿ ಮ್ಯಾಲ ಬಿಳಿ ಮಚ್ಚಿ ಅದ" ಅಂದೆ. "ಅಂಥಾವು ನಮ್ಮೂರಾಗೇ ಹತ್ತು ಅವ" ಅಂದರು. ಅವರು ಹೇಳಿದ್ದು ನಿಜ. ನನ್ನ ಮೊಬೈಲಿನಲ್ಲಿ ಮದುವೆ, ಜಾತ್ರೆ, ಸೋಯಾ ರಾಶಿ ಎಂದು ಸಾವಿರಾರು ಫೋಟೋ ಇದ್ದವು. ಐದು ವರ್ಷ ಕೊಟ್ಟಿಗೆ ಕಾಯ್ದ ನಾಯಿಯ ಮುಖ ಒಂದರಲ್ಲೂ ಇರಲಿಲ್ಲ. ಅದರ ಎಡಗಿವಿಯ ತುದಿ ಸೀಳಿದ್ದು ಅವ್ವನಿಗೆ ನೆನಪಾದದ್ದು ವಾರ ಕಳೆದ ಮೇಲೆ. ದಿನಾ ತಲೆ ಸವರುತ್ತಿದ್ದ ನನಗೆ ಅದು ನೆನಪೇ ಇರಲಿಲ್ಲ. ಪ್ರೀತಿ ಇತ್ತು, ಗಮನ ಇರಲಿಲ್ಲ. ಈ ಎರಡೂ ಒಂದೇ ಅಂದುಕೊಂಡು ಎಷ್ಟೋ ಜನ ನಾಯಿ ಸಾಕುತ್ತಿದ್ದೇವೆ.

"ಬರ್ತದ ಬಿಡು" ಎನ್ನುವ ಮಾತಿಗೆ ಆಧಾರ ಇಲ್ಲದಿಲ್ಲ. 2024ರ ಆಷಾಢ ವಾರಿಯ ಸುದ್ದಿ ನೆನಪಿರಬಹುದು. ನಿಪ್ಪಾಣಿ ತಾಲ್ಲೂಕಿನ ಯಮಗರ್ಣಿಯ ಕಪ್ಪು ನಾಯಿ 'ಮಹಾರಾಜ' ತನ್ನವರ ಜೊತೆ ಪಂಢರಪುರಕ್ಕೆ ನಡೆದು ಹೋಗಿತ್ತು. ಅಲ್ಲಿ ಜನಜಂಗುಳಿಯಲ್ಲಿ ತಪ್ಪಿಸಿಕೊಂಡು, ಸುಮಾರು 250 ಕಿಲೋಮೀಟರ್ ದಾರಿಯನ್ನು ಒಂಟಿಯಾಗಿ ಕ್ರಮಿಸಿ ಮನೆ ಬಾಗಿಲಿಗೆ ಬಂದು ನಿಂತಿತು. ಊರವರು ಹೂಮಾಲೆ ಹಾಕಿ ಮೆರವಣಿಗೆ ಮಾಡಿದರು, ಊಟ ಹಾಕಿಸಿದರು. ನಮ್ಮ ಬೀದರ್ ಕಡೆಯಿಂದಲೂ ವಾರಿಗೆ ಹೋಗುವವರಿದ್ದಾರೆ. ಹಾಗಾಗಿ ಆ ಸುದ್ದಿ ನಮ್ಮ ಕಟ್ಟೆಗಳಲ್ಲಿ ಬಹಳ ದಿನ ಓಡಾಡಿತು. ಆದರೆ ಮಹಾರಾಜನ ಕೊರಳಲ್ಲಿ ಯಾರ ಹಗ್ಗವೂ ಇರಲಿಲ್ಲ ಎಂಬುದನ್ನು ಮರೆಯಬಾರದು. ದಾರಿ ತಪ್ಪಿದ ನಾಯಿ ವಾಸನೆ ಹಿಡಿದು ಬಂದೀತು. ಕದ್ದವನು ಕಟ್ಟಿ ಹಾಕಿದ ನಾಯಿಗೆ ಬರುವುದೆಂದರೆ ಹೇಗೆ? ಕಾಯುತ್ತ ಕೂತ ನಮ್ಮ ಎರಡು ದಿನಗಳು ಕಳ್ಳನಿಗೆ ಸಿಕ್ಕ ಎರಡು ದಿನಗಳು.

ಠಾಣೆಗೆ ಹೋಗಬೇಕು ಅನ್ನುವುದು ನಮಗ್ಯಾರಿಗೂ ಹೊಳೆಯಲೇ ಇಲ್ಲ. ನಾಯಿ ಹೋಯಿತೆಂದು ಫಿರ್ಯಾದಿ ಕೊಟ್ಟರೆ ಜನ ನಕ್ಕಾರು ಎಂಬ ಸಂಕೋಚ ನಮ್ಮಲ್ಲಿ ಅಷ್ಟು ಗಟ್ಟಿ. ಕಾನೂನಿಗೆ ಆ ಸಂಕೋಚ ಇಲ್ಲ. 1860ರ ದಂಡ ಸಂಹಿತೆಯ 378ನೆಯ ಕಲಂ ಕಳವು ಎಂದರೇನು ಎಂದು ಬಿಡಿಸಿ ಹೇಳಲು ಕೊಟ್ಟ ಎರಡನೆಯ ದೃಷ್ಟಾಂತವೇ ನಾಯಿಯದು. ಒಬ್ಬ ಜೇಬಿನಲ್ಲಿ ನಾಯಿಗೆ ಆಸೆ ಹುಟ್ಟಿಸುವ ತಿನಿಸು ಇಟ್ಟುಕೊಂಡು ಬರುತ್ತಾನೆ. ಅದರ ವಾಸನೆಗೆ ಇನ್ನೊಬ್ಬನ ನಾಯಿ ಅವನ ಬೆನ್ನು ಹತ್ತುತ್ತದೆ. ಒಯ್ಯುವ ಕೆಟ್ಟ ಉದ್ದೇಶ ಅವನಿಗಿದ್ದರೆ, ನಾಯಿ ಹಿಂದೆ ಹೆಜ್ಜೆ ಇಟ್ಟ ಕ್ಷಣಕ್ಕೇ ಕಳವು ಆಗಿಹೋಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನಲ್ಲೂ ಈ ದೃಷ್ಟಾಂತ ಹಾಗೇ ಉಳಿದಿದೆ. ಶಿಕ್ಷೆ ಮೂರು ವರ್ಷದವರೆಗೆ ಇರಬಹುದು.

ಇನ್ನೊಂದು ಮಾತು ಔರಾದ್ ತಾಲ್ಲೂಕಿನವರಿಗೇ ಹೇಳಬೇಕಾದದ್ದು. ನಮಗೆ ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಬೈಕಿನ ಮೇಲೆ ಚೀಲ ಹೊತ್ತು ಹೊರಟವನು ಚಹಾ ಆರುವಷ್ಟರಲ್ಲಿ ಗಡಿ ದಾಟಿರುತ್ತಾನೆ. ಕಳವು ಆದದ್ದು ಯಾವ ಠಾಣೆಯ ಹದ್ದಿನಲ್ಲಿ ಎಂಬ ಗೊಂದಲ ಇದ್ದರೂ, ಪೊಲೀಸರು ನೇರವಾಗಿ ತನಿಖೆ ಮಾಡಬಹುದಾದ ಅಪರಾಧವಾದರೆ ಯಾವ ಠಾಣೆಯಲ್ಲಾದರೂ ಮಾಹಿತಿ ದಾಖಲಿಸಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಂ ಅದಕ್ಕೆ ಅವಕಾಶ ಕೊಟ್ಟಿದೆ. ಜೀರೊ ಎಫ್‌ಐಆರ್ ಅನ್ನುವುದು ಇದಕ್ಕೇ. ಆದರೆ ಬರಿಗೈಯಲ್ಲಿ ಹೋಗಿ "ಅದು ನಂದೇ ರಿ" ಅಂದರೆ ಸಾಲದು.

ಇಲ್ಲಿ ನನಗೆ ಆತಕೂರಿನ ಕಲ್ಲು ನೆನಪಾಗುತ್ತದೆ. ಸುಮಾರು ಕ್ರಿ.ಶ. 950ರದು. ಈಗಿನ ಮಂಡ್ಯ ಜಿಲ್ಲೆಯಲ್ಲಿ ಸಿಕ್ಕ ಆ ಶಾಸನ ಬರೆಸಿದ ಕಾಲಕ್ಕೆ ನಮ್ಮ ಕಡೆಯ ಮಳಖೇಡದಿಂದ ಆಳುತ್ತಿದ್ದವನು ರಾಷ್ಟ್ರಕೂಟರ ಮೂರನೆಯ ಕೃಷ್ಣ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗ ಏನು ಬೇಕೋ ಕೇಳು ಅಂದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಹಂದಿಯ ಜೊತೆ ಕಾದಾಡಿ ಸತ್ತಾಗ ಕಲ್ಲು ನಿಲ್ಲಿಸಿ, ನಿತ್ಯ ಪೂಜೆಗೆ ಏರ್ಪಾಡು ಮಾಡಿದ. ನಾಯಿಯ ಹೆಸರೇನು, ಯಾರದಾಗಿತ್ತು, ಯಾರಿಗೆ ಬಂತು, ಹೇಗೆ ಸತ್ತಿತು, ಎಲ್ಲವೂ ಆ ಕಲ್ಲಿನಲ್ಲಿದೆ. ಸಾವಿರ ವರ್ಷ ದಾಟಿದರೂ ಕಾಳಿ ಯಾರ ನಾಯಿ ಎಂದು ಹೇಳಬಹುದು. ನಮ್ಮ ಮೋತ್ಯಾ ಯಾರ ನಾಯಿ ಎಂದು ತೋರಿಸಲು ಮನೆಯಲ್ಲಿ ಒಂದು ಚೀಟಿ ಇರಲಿಲ್ಲ.

ಈಗ ಮಾಡುವುದನ್ನು ಹೇಳುತ್ತೇನೆ. ನಾಯಿಯ ಎದುರಿನಿಂದ ಒಂದು, ಎರಡೂ ಪಕ್ಕದಿಂದ ಒಂದೊಂದು ಫೋಟೋ. ಒಂದರಲ್ಲಿ ಮನೆಯವರೂ ಇರಬೇಕು. ಗಾಯದ ಗುರುತು, ಸೀಳಿದ ಕಿವಿ, ಬಾಲದ ತುದಿಯ ಬಣ್ಣ ಒಂದು ಹಾಳೆಯಲ್ಲಿ. ಲಸಿಕೆಯ ಕಾರ್ಡು ನಮ್ಮ ಹೆಸರಿನಲ್ಲಿ. ಕೊರಳಪಟ್ಟಿಯ ಮೇಲೆ ಮೊಬೈಲ್ ನಂಬರ್ ಸಾಕು. ನಾಯಿಯ ಹೆಸರು ಬರೆಸಬೇಡಿ, ಕದಿಯಲು ಬಂದವನು ಅದೇ ಹೆಸರು ಹಿಡಿದು ಕರೆಯುತ್ತಾನೆ. ಕೊರಳಪಟ್ಟಿ ಬಿಚ್ಚಿ ಎಸೆಯುವುದು ಸುಲಭ, ಅದಕ್ಕೇ ಮೈಕ್ರೋಚಿಪ್. ಅಕ್ಕಿಕಾಳಿನಷ್ಟಿರುವ ಅದನ್ನು ಭುಜಗಳ ನಡುವೆ ಚರ್ಮದ ಕೆಳಗೆ ಸೂಜಿಯಿಂದ ಸೇರಿಸುತ್ತಾರೆ. ಯಂತ್ರ ಹಿಡಿದರೆ 15 ಅಂಕಿಯ ಸಂಖ್ಯೆ ಕಾಣುತ್ತದೆ. ಚಿಪ್ ಹಾಕಿಸಿದರೆ ನಾಯಿ ಎಲ್ಲಿದೆ ಎಂದು ಮೊಬೈಲಿನಲ್ಲಿ ತೋರಿಸುತ್ತದೆ ಎಂದು ಕೆಲವರು ನಂಬಿದ್ದಾರೆ. ಇಲ್ಲ, ಅದು ಗುರುತು ಹೇಳುತ್ತದೆ ಅಷ್ಟೆ, ಜಾಗ ಹೇಳುವುದಿಲ್ಲ. ಸಂಖ್ಯೆಯ ಜೊತೆ ನಿಮ್ಮ ಹೆಸರು, ಫೋನು ನೋಂದಣಿಯಾಗಿರದಿದ್ದರೆ ಅದೂ ಇಲ್ಲ.

ಉಳಿದದ್ದೆಲ್ಲ ನಮ್ಮ ನಡವಳಿಕೆ. ಹೊತ್ತಿಗೆ ಸರಿಯಾಗಿ ಉಂಡ ನಾಯಿ ಅಪರಿಚಿತನ ಬಿಸ್ಕತ್ತಿಗೆ ಅಷ್ಟು ಬೇಗ ಸೋಲುವುದಿಲ್ಲ. ಮನೆಯವರ ಕೈಯಿಂದ ಮಾತ್ರ ತಿನ್ನುವ ರೂಢಿಯನ್ನು ಮರಿಯಿದ್ದಾಗಲೇ ಹಾಕಬೇಕು. ಹೋಟೆಲ್ ಮುಂದಿನ ಕಂಬಕ್ಕೆ ಕಟ್ಟಿ ಒಳಗೆ ಚಹಾ ಕುಡಿಯುವುದು, ರಾತ್ರಿ ಗೇಟಿನ ಚಿಲಕ ಹಾಕದೆ ಮಲಗುವುದು, ಹೊಸ ನಾಯಿಯ ಬೆಲೆಯನ್ನು ಸ್ಟೇಟಸ್ಸಿನಲ್ಲಿ ಹಾಕಿ ಊರಿಗೆಲ್ಲ ಸಾರುವುದು, ಇವನ್ನು ಇವತ್ತೇ ನಿಲ್ಲಿಸಬಹುದು. ಸಂತಾನಹರಣ ಮಾಡಿಸಿದರೆ ಗಂಡುನಾಯಿ ಬೆದೆಯ ವಾಸನೆಗೆ ಊರೂರು ಅಲೆಯುವುದು ಕಡಿಮೆಯಾಗುತ್ತದೆ. ಮರಿ ಹಾಕಿಸಿ ಹಣ ಮಾಡುವ ಕಳ್ಳನಿಗೆ ಅಂಥ ನಾಯಿ ಉಪಯೋಗವಿಲ್ಲ.

ಇನ್ನು ನನ್ನ ತಪ್ಪು ಹೇಳಬೇಕು. ಮೋತ್ಯಾ ಹೋಗಿ ಎರಡು ತಿಂಗಳಾಗಿತ್ತು. ಬೀದರ್‌ಗೆ ಹೋದಾಗ ರಸ್ತೆ ಬದಿಯಲ್ಲಿ ಒಬ್ಬ ರಟ್ಟಿನ ಡಬ್ಬಿಯಲ್ಲಿ ಮರಿಗಳನ್ನಿಟ್ಟುಕೊಂಡು ನಿಂತಿದ್ದ. "ಲ್ಯಾಬ್ ಅದ ಸಾವ್ಕಾರ್ರೆ, ಪ್ಯೂರ್" ಅಂದ. ಒಂದು ಮರಿ ಅಂಗೈಯಲ್ಲಿ ಬೆಚ್ಚಗೆ ನಿದ್ದೆ ಹೋಯಿತು. ಎಷ್ಟು ಸಾಧು ಅಂದುಕೊಂಡೆ. ಅದು ಜ್ವರದ ಬಿಸಿ, ನಿತ್ರಾಣದ ನಿದ್ದೆ. ಹೊಟ್ಟೆ ನಗಾರಿಯಂತೆ ಉಬ್ಬಿತ್ತು, ಹುಳುವಿನದು. ಅದನ್ನು ಚೆನ್ನಾಗಿ ಹಾಲು ಕುಡಿದಿದೆ ಎಂದು ತಿಳಿದೆ. ನಾಲ್ಕನೆಯ ದಿನ ರಕ್ತ ಬೆರೆತ ಭೇದಿ ಶುರುವಾಯಿತು. ಪಾರ್ವೊ. ಪಶುವೈದ್ಯರು ಸಲೈನ್ ಹಚ್ಚುತ್ತ ಎರಡೇ ಪ್ರಶ್ನೆ ಕೇಳಿದರು: "ಲಸಿಕಿ ಕಾರ್ಡ್ ಅದ ಏನು? ಈ ಮರೀ ತಾಯಿ ಎಲ್ಲದ?" ನನ್ನಲ್ಲಿ ಎರಡಕ್ಕೂ ಉತ್ತರ ಇರಲಿಲ್ಲ. ಮರುದಿನ ಬೆಳಗಿನ ಜಾವ ಮರಿ ಸತ್ತಿತು.

ದೇವಣಿ ಎತ್ತು ಕೊಳ್ಳಲು ಹೋದಾಗ ನಾವು ಹೀಗೆ ಮಾಡುತ್ತೇವೆಯೇ? ಬಾಯಿ ತೆರೆಸಿ ಹಲ್ಲು ಎಣಿಸುತ್ತೇವೆ, ಸುಳಿ ನೋಡುತ್ತೇವೆ, ಹತ್ತು ಹೆಜ್ಜೆ ನಡೆಸುತ್ತೇವೆ, ಯಾವೂರು, ಯಾರ ಮನೆಯದು, ಯಾಕೆ ಮಾರುತ್ತಿದ್ದೀರಿ ಎಂದು ಬಿಡದೆ ಕೇಳುತ್ತೇವೆ. ಅದೇ ನಾವು ನಾಯಿಮರಿಯ ಮುಂದೆ ಮುದ್ದಿಗೆ ಕರಗಿ, ಕೇಳಬೇಕಾದ್ದನ್ನು ಕೇಳದೆ ಜೇಬಿಗೆ ಕೈ ಹಾಕುತ್ತೇವೆ. ನಾಯಿ ಕಳ್ಳರ ವ್ಯಾಪಾರ ನಡೆಯುವುದು ನಮ್ಮ ಈ ಕೇಳದಿರುವ ಗುಣದಿಂದ. ನಾನು ಕೊಂಡ ಮರಿಯ ತಾಯಿಯನ್ನು ಯಾರದೋ ಕೊಟ್ಟಿಗೆಯಿಂದ ಹಗ್ಗ ಕೊಯ್ದು ಒಯ್ದಿದ್ದರೋ ಏನೋ, ಆ ಯೋಚನೆ ನನಗೆ ಇವತ್ತಿಗೂ ನಿದ್ದೆ ಕೆಡಿಸುತ್ತದೆ.

ಕೇಳಲು ನಮಗೆ ಹಕ್ಕೂ ಇದೆ. ನಾಯಿ ಸಂತಾನಾಭಿವೃದ್ಧಿ ಮತ್ತು ಮಾರಾಟದ ಬಗ್ಗೆ ಕೇಂದ್ರ ಸರ್ಕಾರ 2017ರಲ್ಲಿ ಮಾಡಿದ ನಿಯಮಗಳ ಪ್ರಕಾರ, ಮರಿ ಹಾಕಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ತಾಯಿಗೆ 18 ತಿಂಗಳಾದರೂ ಆಗಿರಬೇಕು, ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದನ್ನು ಮೀರಬಾರದು. ಎಂಟು ವಾರದ ಲೆಕ್ಕಕ್ಕೆ ಕಾರಣವಿದೆ. ಒಡಹುಟ್ಟಿದವುಗಳ ಜೊತೆ ಆಡುತ್ತ, ಜೋರಾಗಿ ಕಚ್ಚಿ ತಾಯಿಯಿಂದ ಗದರಿಸಿಕೊಳ್ಳುತ್ತಲೇ ಮರಿ ಹಲ್ಲಿನ ಹಿಡಿತ ಕಲಿಯುತ್ತದೆ. ಬೇಗ ಅಗಲಿಸಿದ ಮರಿ ಮುಂದೆ ಮನೆಯ ಮಕ್ಕಳನ್ನು ಕಚ್ಚಿದರೆ ಅದರ ತಪ್ಪಲ್ಲ.

ಹಗಲಿನಲ್ಲಿ, ಮರಿಗಳು ಹುಟ್ಟಿದ ಜಾಗಕ್ಕೇ ಹೋಗಿ. ತಾಯಿ ಮೊಲೆ ಕೊಡುವುದನ್ನು ನೋಡಿ. ತಾಯಿಯನ್ನು ತೋರಿಸಲು ನೆಪ ಹೇಳುವವನಿಂದ ಮರಿ ತರಬೇಡಿ, ಎಷ್ಟೇ ಅಗ್ಗವಾದರೂ. ಒಸಡು ಗುಲಾಬಿಯಾಗಿರಲಿ, ಕಣ್ಣಲ್ಲಿ ಪಿಸರು ಇರದಿರಲಿ. ಹಿಂದಿನಿಂದ ಚಪ್ಪಾಳೆ ತಟ್ಟಿದರೆ ತಿರುಗಬೇಕು. ಎರಡನೆಯ ದಿನ ಇನ್ನೊಮ್ಮೆ ಹೋಗಿ ನೋಡಿ. ಮನೆಗೆ ತಂದ ಮೇಲೆ ಪಾರ್ವೊ ಸೇರಿದಂತೆ ಲಸಿಕೆಗಳ ಕಂತು, ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಮೊದಲು ಪಾರ್ವೊದಿಂದ ಮರಿ ಸತ್ತ ಅಂಗಳಕ್ಕೆ ಲಸಿಕೆಯಾಗದ ಮರಿಯನ್ನು ತರಲೇಬೇಡಿ. ಆ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ತಳಿಯ ಮೋಹದ ಬಗ್ಗೆಯೂ ಒಂದು ಮಾತು. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ನಮ್ಮ ಜಿಲ್ಲೆಗೆ ಹಿಮದ ನಾಡಿನ ಹಸ್ಕಿ ತರುವುದು ಆ ಪ್ರಾಣಿಗೆ ಶಿಕ್ಷೆ. ನಮ್ಮ ನಾಡಿನದೇ ಮುಧೋಳ ಇದೆ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ತಳಿ ಅದು. ಅದರ ಸಂಶೋಧನಾ ಕೇಂದ್ರ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿದ್ದರೂ ನಡೆಸುವುದು ಬೀದರ್‌ನ ನಮ್ಮ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ. ಆದರೆ ಮುಧೋಳಕ್ಕೆ ಓಡಲು ಬಯಲು ಬೇಕು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಕಟ್ಟಿಹಾಕಿದರೆ ಕೊರಗುತ್ತದೆ. ದುಡಿಯಲು ಹೈದರಾಬಾದಿಗೋ ಪುಣೆಗೋ ಹೋಗುವ ಮನೆಗಳು ನಮ್ಮಲ್ಲಿ ಬಹಳ. ಆ ತಿಂಗಳುಗಳಲ್ಲಿ ನಾಯಿಗೆ ರೊಟ್ಟಿ ಹಾಕುವವರು ಯಾರು ಎಂಬುದು ತೀರ್ಮಾನವಾಗದೆ ಯಾವ ಮರಿಯನ್ನೂ ತರಬಾರದು. ನಾಯಿ ಹತ್ತು ಹನ್ನೆರಡು ವರ್ಷ ಬದುಕುವ ಜೀವ.

ಈಗ ನಮ್ಮ ಕೊಟ್ಟಿಗೆಯಲ್ಲಿರುವುದು ಪಕ್ಕದ ಹೊಲದವರ ಊರನಾಯಿಯ ಮರಿ. ತಾಯಿಯ ಮಗ್ಗುಲಲ್ಲಿ ಒಂಬತ್ತು ವಾರ ಬಿಟ್ಟು ತಂದೆವು. ಅದರ ಲಸಿಕೆ ಕಾರ್ಡು ರೇಷನ್ ಕಾರ್ಡಿನ ಜೊತೆ ಅದೇ ಪ್ಲಾಸ್ಟಿಕ್ ಕವರಿನಲ್ಲಿದೆ.

ಮೋತ್ಯಾನನ್ನು ಕೊಂಡವರಿಗೆ ಅದು ಕಳವಿನ ನಾಯಿ ಎಂದು ಗೊತ್ತಿರಲಿಕ್ಕಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಉದಗೀರ, ದೇಗಲೂರ, ನಾರಾಯಣಖೇಡ ಕಡೆಯಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಕೇಳಿಕೊಳ್ಳುತ್ತೇನೆ. ಎಲ್ಲಿಂದ ಬಂತೆಂದು ಗೊತ್ತಿಲ್ಲದ ಕೆಂಪು ನಾಯಿಯೊಂದು ನಿಮ್ಮಲ್ಲಿದ್ದರೆ, ಎದೆಯ ಮೇಲೆ ಬಿಳಿ ಮಚ್ಚೆ ಇದ್ದರೆ, ಎಡಗಿವಿಯ ತುದಿ ಸೀಳಿದ್ದರೆ, "ಮೋತ್ಯಾ" ಎಂದು ಒಮ್ಮೆ ಕೂಗಿ ನೋಡಿ.