ನೆಲ, ನುಡಿ, ಕುಲ

ಒಂದು ನೆಲಕ್ಕೆ ಒಂದೇ ನುಡಿ, ಒಂದೇ ಧರ್ಮ, ಒಂದೇ ಕುಲವೆಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಉತ್ತರ ಬೆಂಗಳೂರಿನ ಕಲ್ಲುಗಳು ಇದನ್ನು ಒಪ್ಪುವುದಿಲ್ಲ. ೨೦೧೮ರಲ್ಲಿ ಹೆಬ್ಬಾಳದಲ್ಲಿ ದೊರೆತ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. ೭೫೦ರದು. ಅದರ ಭಾಷೆ ಕನ್ನಡ. ಅದು ಆ ಸೀಮೆಯನ್ನು ಪೆರ್ಬೊಳಲ್‌ನಾಡೆಂದು ಕರೆಯುತ್ತದೆ. ನೆರೆಯ ಯಲಹಂಕವಾದರೋ ಮುಂದೆ ತಮಿಳು ಶಾಸನಗಳಲ್ಲಿ ಇಲೈಪಾಕ್ಕ ನಾಡೆಂದು ಕಾಣಿಸಿಕೊಳ್ಳುತ್ತದೆ. ಈ ಮಣ್ಣು ಅಂದಿನಿಂದಲೂ ಹಲವು ನುಡಿಗಳನ್ನು ಕೇಳಿದೆ.

ಹಾಗಾದರೆ, ಇಂದು ಯಶವಂತಪುರದ ರೈಲುನಿಲ್ದಾಣದಲ್ಲಿ ಗಂಟುಮೂಟೆಯೊಡನೆ ಇಳಿಯುವ ಪರಪ್ರಾಂತದ ಕೂಲಿಕಾರನು ನಮ್ಮವನೋ, ಪರಕೀಯನೋ? ೧೨ನೆಯ ಶತಮಾನದ ಶರಣರಲ್ಲಿ ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದಲೂ ಆದಯ್ಯನವರು ಸೌರಾಷ್ಟ್ರದಿಂದಲೂ ಬಂದವರೆಂದು ಪರಂಪರೆ ಹೇಳುತ್ತದೆ. ಶರಣಸಮೂಹವು ಅವರ ಮೂಲವನ್ನು ಅಡ್ಡಿಯೆಂದೆಣಿಸಲಿಲ್ಲ. ಅವರೂ ಕನ್ನಡವನ್ನು ಅನ್ಯರ ನುಡಿಯೆಂದು ದೂರವಿಡಲಿಲ್ಲ. ಆ ನುಡಿಯಲ್ಲಿಯೇ ವಚನಗಳನ್ನು ರಚಿಸಿದರು.

ಕುಲವು ಹುಟ್ಟಿನಿಂದ ಬರುವುದು. ಅದನ್ನು ಯಾರೂ ಆರಿಸಿಕೊಳ್ಳಲಾರರು. ನುಡಿಯಾದರೋ ಕಲಿತವನಿಗೆಲ್ಲ ಒಲಿಯುವುದು. ಆದುದರಿಂದ ಬಂದವನನ್ನು ಕುಲದಿಂದ ಅಳೆಯುವುದು ಅನ್ಯಾಯ. ಅವನಿಂದ ಕನ್ನಡದ ಕಲಿಕೆಯನ್ನು ನಿರೀಕ್ಷಿಸುವುದು ನ್ಯಾಯ. ಆದರೆ ಕಲಿಸುವವರಿಲ್ಲದೆ ಕಲಿಯುವುದೆಂತು? ಅನ್ನದಾಸೋಹದಂತೆ ನುಡಿಯ ದಾಸೋಹವೂ ನಮ್ಮ ಹೊಣೆ. ಅದನ್ನು ನಡೆಸದೆ ಬಂದವನನ್ನು ದೂರುವ ಅಧಿಕಾರ ನಮಗುಂಟೆ?